ಟ್ಯಾಂಕಿಗೆ ಮೊಸಳೆ ಯಾವಾಗ ಬರುತ್ತೆ?

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಲೇ ಕಾಣುವುದು ಮೀನಿನ ಟ್ಯಾಂಕು. ಎರಡು ನಿಮಿಷ ಬಗ್ಗಿ ನೋಡುತ್ತಾರೆ. ಆಮೇಲೆ ಅದೇ ಪ್ರಶ್ನೆ. "ಬರೀ ಮೀನೇನಾ? ಬೇರೆ ಏನಾದ್ರೂ ಬಿಡಬಾರದಾ ಇದರೊಳಗೆ?"

ಮೊದಮೊದಲು ನೀರಿನ ಬಿಸಿ, ಫಿಲ್ಟರ್ ಅಂತೆಲ್ಲ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವರು ಕಾಫಿ ಕಡೆ ತಿರುಗಿರುತ್ತಿದ್ದರು. ಈಗ ಕೇಳಿದವರ ಮುಖ ನೋಡಿ ಒಂದೊಂದು ಪ್ರಾಣಿ ಹೇಳಿಬಿಡುತ್ತೇನೆ. ಮಕ್ಕಳಿಗೆ ಪೆಂಗ್ವಿನ್, ಫ್ರಿಜ್ಜಿನಲ್ಲಿ ಜಾಗ ಆಗಲಿ ಅಂತ ಕಾಯ್ತಾ ಇದೀನಿ ಅನ್ನುತ್ತೇನೆ. ಪಕ್ಕದ ಮನೆಯವರಿಗೆ ಮೊಸಳೆ, ರಂಗನತಿಟ್ಟಿನಲ್ಲಿ ಹೇಳಿಟ್ಟಿದೀನಿ ಅಂತ. ಕುಮಟಾದ ಚಿಕ್ಕಪ್ಪನಿಗೆ ಬಂಗುಡೆ ಅಂದೆ. ಅವರು ನಗಲೇ ಇಲ್ಲ. "ಬಿಡು ಮಾರಾಯ, ನಾನು ತಟ್ಟೆ ಹಿಡ್ಕೊಂಡು ಮುಂದೆ ಕೂತಿರ್ತೆ" ಅಂದರು.

ಜೋರು ವಾದ ಹೂಡಿದ್ದು ಅತ್ತೆ. "ಶೃಂಗೇರಿಲಿ ಹಾವೇ ಬಸುರಿ ಕಪ್ಪೆಗೆ ಹೆಡೆ ಬಿಚ್ಚಿ ನೆರಳು ಕೊಡ್ತಂತೆ. ನಿನ್ನ ಮೀನುಗಳಿಗೇನು ಧಾಡಿ?" ತುಂಗೆಯ ದಡದಲ್ಲಿರುವ ಆ ಕಪ್ಪೆ ಶಂಕರನಿಗೆ ನಾನೂ ಕೈಮುಗಿದು ಬಂದವನೇ. ಆದರೆ ಅದು ಶೃಂಗೇರಿ. ಇದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಡಬ್ಬ. ಹಿಡಿಯುವುದು 56 ಲೀಟರ್. ಕುಡಿಯುವ ನೀರಿನ 20 ಲೀಟರ್ ಕ್ಯಾನು ಮೂರು ಸುರಿದರೆ ಹಾಲ್ ಒರೆಸಬೇಕಾಗುತ್ತದೆ.

ನನಗೆ ಜಾಸ್ತಿ ಇಷ್ಟವಾದ ಉತ್ತರ ಆಕ್ಟೋಪಸ್. ನ್ಯೂಜಿಲೆಂಡಿನ ನೇಪಿಯರ್‌ನಲ್ಲಿರುವ ರಾಷ್ಟ್ರೀಯ ಅಕ್ವೇರಿಯಂನಲ್ಲಿ ಇಂಕಿ ಅಂತ ಒಂದಿತ್ತು. 2016ರಲ್ಲಿ ದೊಡ್ಡ ಸುದ್ದಿ ಆಯಿತಲ್ಲ, ಅದೇ. ಮುಚ್ಚಳದಲ್ಲಿ ಸಂದಿ ಉಳಿದಿತ್ತು. ರಾತ್ರಿ ಅದರಲ್ಲಿ ನುಸುಳಿ, ನೆಲದ ಮೇಲೆ ತೆವಳಿ, ಸುಮಾರು 50 ಮೀಟರ್ ಉದ್ದದ ಪೈಪು ಹಿಡಿದು ಸಮುದ್ರಕ್ಕೆ ಹೋಯಿತು. ನಮ್ಮ ಮೈಸೂರಿನ ಬಾತ್‌ರೂಮ್ ಪೈಪು ಹಿಡಿದು ಹೊರಟರೆ, ಪಾಪ, ಮೋರಿ ಸಿಗುತ್ತದೆ. ಅಮೆರಿಕದ ಸಿಯಾಟಲ್ ಅಕ್ವೇರಿಯಂನಲ್ಲಿ ನಡೆದದ್ದು ಇನ್ನೂ ಮಜಾ. ದೊಡ್ಡ ಆಕ್ಟೋಪಸ್ ಒಂದನ್ನು ಚಿಕ್ಕ ಜಾತಿಯ ಶಾರ್ಕ್‌ಗಳ ಜೊತೆ ಇಟ್ಟಿದ್ದರು. ನಮ್ಮಂಥವರು ಆಕ್ಟೋಪಸ್ ಬಗ್ಗೆ ಅಯ್ಯೋ ಅನ್ನುತ್ತೇವೆ, ಅಲ್ವಾ? ಅಲ್ಲಿ ಸತ್ತು ಬಿದ್ದದ್ದು ಶಾರ್ಕ್‌ಗಳು. ಮೀನು ಸಾಕುವುದೇ ಕಸುಬಾದವರಿಗೇ ಹೀಗಾದರೆ ಉಳಿದವರ ಪಾಡೇನು?

ಉಳಿದವರ ಪಾಡು ಹೇಳುತ್ತೇನೆ, ಯಾಕೆಂದರೆ ಅದು ನನ್ನದೇ. ಟ್ಯಾಂಕು ತಂದ ದಿನ ಪ್ಲಾಸ್ಟಿಕ್ ಕವರುಗಳಲ್ಲಿ ಜೊತೆಗೆ ಬಂದದ್ದು ಎರಡು ಗೋಲ್ಡ್ ಫಿಶ್, ಒಂದು ಫೈಟರ್ ಮೀನು, ಎರಡು 'ಶಾರ್ಕ್', ಐದು ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದಾದ ಒಂದು ಆಮೆ ಮರಿ. ಪೆಂಗ್ವಿನ್ ಜೋಕನ್ನೂ ಮೀರಿಸುವ ಪಟ್ಟಿ. ಅಂಗಡಿಯವರು ಮಾತ್ರ ಬಸ್ಸಿನಲ್ಲಿ ಸೀಟು ಮಾಡಿಕೊಟ್ಟ ಹಾಗೆ ಹೇಳಿದ್ದರು. "ಏನೂ ಆಗಲ್ಲ ಸಾರ್, ಎಲ್ಲಾ ಅಡ್ಜಸ್ಟ್ ಆಗ್ತವೆ."

ಗೋಲ್ಡ್ ಫಿಶ್‌ಗೆ ತಣ್ಣಗಿನ ನೀರು ಹಿತ. ಫೈಟರ್‌ಗೆ 26-27 ಡಿಗ್ರಿಯಷ್ಟು ಬೆಚ್ಚಗಿರಬೇಕು. ಆ ಶಾರ್ಕಂತೂ ಶಾರ್ಕೇ ಅಲ್ಲ, ಮೆಕಾಂಗ್ ನದಿಯ ಕಡೆಯ ಕ್ಯಾಟ್ ಫಿಶ್. ಗುಂಪಿನಲ್ಲಿ ಓಡಾಡುವ, ಒಂದು ಮೀಟರ್ ದಾಟಿ ಬೆಳೆಯುವ ಮೀನು. ಹೋಟೆಲಿನಲ್ಲಿ 'ಬಾಸಾ' ಅಂತ ತಟ್ಟೆಗೆ ಬರುವುದು ಹೆಚ್ಚಾಗಿ ಇದೇ. ಯಾರಾದರೂ ಹತ್ತಿರ ಹೋದರೆ ಸಾಕು, ಬೆದರಿ ಗಾಜಿಗೆ ಮೂತಿ ಬಡಿದುಕೊಳ್ಳುತ್ತಿದ್ದವು. ಮೂರನೇ ವಾರ ಒಂದು ಗೋಲ್ಡ್ ಫಿಶ್‌ನ ಬಾಲ ಕಾಣಲಿಲ್ಲ. ಐದನೇ ವಾರ ಗೋಲ್ಡ್ ಫಿಶ್ಶೇ ಕಾಣಲಿಲ್ಲ. ಆಮೆ ಮಾತ್ರ ಕಲ್ಲಿನ ಮೇಲೆ ಕತ್ತು ಚಾಚಿ, ತನಗೇನೂ ಗೊತ್ತಿಲ್ಲದ ಹಾಗೆ ಬಿಸಿಲು ಕಾಯಿಸುತ್ತಿತ್ತು.

ಹಾಗಾಗಿ ನಿಜವಾಗಿ ಕೇಳಿದವರಿಗೆ ನನ್ನ ಉತ್ತರ ಸಪ್ಪೆ. ನಿಯಾನ್ ಟೆಟ್ರಾ ಅನ್ನುವ ಪುಟ್ಟ ಮೀನು ಹತ್ತು, ತಳದಲ್ಲಿ ಮಣ್ಣು ಕೆದಕಿಕೊಂಡಿರುವ ಕೋರಿ ಅನ್ನುವ ಪುಟ್ಟ ಕ್ಯಾಟ್ ಫಿಶ್ ಐದಾರು. ಒಂದೇ ಬಿಸಿಯ ನೀರು ಎಲ್ಲರಿಗೂ ಆಗಬೇಕು, ಒಬ್ಬರು ಇನ್ನೊಬ್ಬರ ಬಾಯಿಗೆ ಹಿಡಿಯಬಾರದು. ಬಾಯಿಗೆ ಹಿಡಿದದ್ದೆಲ್ಲ ಮೀನಿಗೆ ಊಟವೇ. ಇನ್ನು ಮೊಸಳೆ, ನಕ್ಷತ್ರ ಆಮೆ ಇವನ್ನೆಲ್ಲ ಸುಮ್ನೆ ಮನೆಗೆ ತಂದು ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ.

ನನ್ನ ಆಮೆ ಅಮೆರಿಕ ಮೂಲದ ಕೆಂಪು ಕಿವಿಯ ಸ್ಲೈಡರ್. ಈಗ ಊಟದ ತಟ್ಟೆಯಷ್ಟಾಗಿದೆ. 30 ವರ್ಷ ಬದುಕಬಹುದಂತೆ, ಅಂದರೆ ನನ್ನ ಮನೆ ಸಾಲಕ್ಕಿಂತ ಜಾಸ್ತಿ. "ಕೆರೆಗೆ ಬಿಟ್ಟುಬಿಡಿ" ಅನ್ನುವವರಿದ್ದಾರೆ. ಬಿಡಬಾರದು. ಹೊರಗಿಂದ ಬಂದ ಈ ಆಮೆ ನಮ್ಮ ಆಮೆಗಳ ಜಾಗಕ್ಕೂ ಊಟಕ್ಕೂ ಕೈ ಹಾಕುತ್ತದೆ. ಅದಕ್ಕೇ ಟೆರೇಸಿನಲ್ಲಿ ದೊಡ್ಡ ಟಬ್ ಕಟ್ಟಿಸಿ ಇಟ್ಟುಕೊಂಡಿದ್ದೇನೆ.

ಮೊನ್ನೆ ಪಕ್ಕದ ಮನೆಯ ಹುಡುಗ ನಾಲ್ಕು ಜನ ಸ್ನೇಹಿತರನ್ನು ಕರಕೊಂಡು ಬಂದ, ಮೊಸಳೆ ತೋರಿಸಲು. ಬೇರೆ ದಾರಿಯಿಲ್ಲದೆ ಟೆರೇಸಿಗೆ ಕರೆದುಕೊಂಡು ಹೋದೆ. ಆಮೆಯನ್ನು ತುಂಬಾ ಹೊತ್ತು ನೋಡಿ ಕೇಳಿದ.

"ಅಂಕಲ್, ಇದು ದೊಡ್ಡದಾದ್ರೆ ಮೊಸಳೆ ಆಗುತ್ತಾ?"

"ಗೊತ್ತಿಲ್ಲ ಪುಟ್ಟ. ಅಂಗಡಿಯವರು ಇಷ್ಟೇ ಇರುತ್ತೆ ಅಂದಿದ್ರು" ಅಂತ ಬೆರಳಲ್ಲಿ ನಾಣ್ಯದಷ್ಟು ತೋರಿಸಿದೆ.