ನಂಬರ್ ಪೆನ್ನಿನಲ್ಲಿ, ಜಾಗ ಪೆನ್ಸಿಲ್‌ನಲ್ಲಿ: ಕೊಡಗಿನ ಮನೆಯಲ್ಲಿ ಪುಸ್ತಕಗಳ ಲೆಕ್ಕ

ಗ್ರಂಥಾಲಯದ ಕೌಂಟರಿನಲ್ಲಿ ಕೂತವರಿಗೆ ಈ ಪ್ರಶ್ನೆ ಹೊಸದಲ್ಲ: "ಸಾರ್, ಮನೇಲಿ ನಾನೂರು ಪುಸ್ತಕ ಇದೆ. ಯಾವುದು ಎಲ್ಲಿದೆ ಗೊತ್ತಾಗಲ್ಲ. ಡ್ಯೂಯಿ ನಂಬರ್ ಹಾಕೋದು ಹೇಗೆ?"

ಹಾಕಬೇಡಿ. 1876ರಲ್ಲಿ ಹೊರಬಂದ ಡ್ಯೂಯಿ ದಶಮಾಂಶ ಪದ್ಧತಿ, ಅಂದರೆ ವಿಷಯಕ್ಕೊಂದು ನಂಬರ್ ಕೊಡುವ ಕ್ರಮ, ದೊಡ್ಡ ಗ್ರಂಥಾಲಯಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಕನ್ನಡ ಸಾಹಿತ್ಯಕ್ಕೆಲ್ಲ ಸೇರಿ 894.814 ಅಂತ ಒಂದು ನಂಬರು. ಕಾದಂಬರಿ, ಕಥೆಗೆ ಕೊನೆಯಲ್ಲಿ ಒಂದು 3 ಸೇರಿ 894.8143 ಆಗುತ್ತದೆ. ನಿಮ್ಮ ನಾನೂರರಲ್ಲಿ ಮುನ್ನೂರು ಕನ್ನಡ ಸಾಹಿತ್ಯವೇ ಆಗಿದ್ದರೆ ಮುನ್ನೂರು ಬೆನ್ನಿನ ಮೇಲೂ ಹೆಚ್ಚುಕಮ್ಮಿ ಒಂದೇ ನಂಬರು. ಹುಡುಕುವ ಕಷ್ಟ ಹಾಗೇ ಉಳಿಯಿತು, ಲೇಬಲ್ ಅಂಟಿಸಿದ್ದು ಬಂತು.

ಮನೆಗೆ ಬೇಕಾದದ್ದು ನಮ್ಮ ಕೆಲಸದ ಎಲ್ಲಕ್ಕಿಂತ ಸರಳ ಹತ್ಯಾರು: ಆಕ್ಸೆಷನ್ ರಿಜಿಸ್ಟರ್. ಪುಸ್ತಕ ಮನೆಗೆ ಬಂದ ಕ್ರಮದಲ್ಲಿ 1, 2, 3 ಅಂತ ನಂಬರ್, ಅಷ್ಟೆ. ಕಾದಂಬರಿಗೆ ಕಾ-1, ಕವನಕ್ಕೆ ಕ-1 ಅಂತ ಶುರು ಮಾಡಿದವರು ಪ್ರಬಂಧವೋ ಪ್ರವಾಸ ಕಥನವೋ ಗೊತ್ತಾಗದ ಮೊದಲ ಪುಸ್ತಕಕ್ಕೇ ನಿಂತುಬಿಡುತ್ತಾರೆ. ಒಂದೇ ಪುಸ್ತಕದ ಎರಡು ಪ್ರತಿ ಇದ್ದರೆ ಎರಡು ನಂಬರ್. ಮೂರು ಸಂಪುಟ ಇದ್ದರೆ ಮೂರು ನಂಬರ್. ಪುಸ್ತಕ ಕಳೆದರೂ, ಯಾರಿಗಾದರೂ ಕೊಟ್ಟುಬಿಟ್ಟರೂ ಆ ನಂಬರನ್ನು ಇನ್ನೊಂದಕ್ಕೆ ಹಾಕಬಾರದು. ಸಾಲಿನ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ.

200 ಪುಟದ ಗಟ್ಟಿ ರಟ್ಟಿನ ಲೆಡ್ಜರ್ ಸಾಕು. ಕಾಲಂಗಳು ಎಂಟು: ನಂಬರ್, ಬಂದ ತಾರೀಕು, ಲೇಖಕ, ಹೆಸರು, ಮುದ್ರಣದ ವರ್ಷ, ಭಾಷೆ, ಜಾಗ, ಷರಾ. ಬೆಲೆ, ಪ್ರಕಾಶಕ, ಪುಟ ಸಂಖ್ಯೆ, ಮುಖಪುಟದ ಬಣ್ಣ ಅಂತ ಹದಿನೈದು ಕಾಲಂ ಹಾಕಿದ ಲೆಡ್ಜರುಗಳು ಅರವತ್ತನೇ ಪುಸ್ತಕದ ಹೊತ್ತಿಗೆ ಖಾಲಿ ಬೀಳತೊಡಗುತ್ತವೆ. ನಂಬರ್, ಲೇಖಕ, ಹೆಸರು ಪೆನ್ನಿನಲ್ಲಿ. ಜಾಗ ಮಾತ್ರ ಪೆನ್ಸಿಲ್‌ನಲ್ಲಿ, ಯಾಕೆಂದರೆ ಅದೊಂದೇ ಬದಲಾಗುವುದು. ಒಬ್ಬರು ಓದಿ ಹೇಳಿ ಇನ್ನೊಬ್ಬರು ಬರೆದರೆ ಗಂಟೆಗೆ ಇಪ್ಪತ್ತೈದು ಪುಸ್ತಕ ಆರಾಮಾಗಿ ಮುಗಿಯುತ್ತದೆ. ಒಬ್ಬರೇ ಕೂತರೆ ಅರ್ಧ ಹೊತ್ತು ಪುಸ್ತಕ ಓದುತ್ತಾ ಹೋಗುತ್ತದೆ, ಅದು ಬೇರೆ ಮಾತು.

ಜಾಗವನ್ನು ಬೀರುವಿನ ಅಕ್ಷರ ಮತ್ತು ಮೇಲಿನಿಂದ ಎಣಿಸಿದ ಖಾನೆಯ ಸಂಖ್ಯೆಯಿಂದ ಬರೆಯಿರಿ: ಅ3 ಅಂದರೆ ಮೊದಲ ಬೀರುವಿನ ಮೂರನೇ ಖಾನೆ. ಖಾನೆಯೊಳಗೆ ಎಡದಿಂದ ಎಷ್ಟನೆಯದು ಅಂತ ಬರೆಯಹೋಗಬೇಡಿ. ಒಂದು ಪುಸ್ತಕ ನಡುವೆ ಸೇರಿದರೆ ಇಡೀ ಖಾನೆಯ ಲೆಕ್ಕ ತಪ್ಪುತ್ತದೆ. 3 ಅಡಿ ಉದ್ದದ ಖಾನೆಗೆ ಡೆಮಿ 1/8 (ಸಾಮಾನ್ಯ ಕಾದಂಬರಿಯ) ಅಳತೆಯ ಪುಸ್ತಕ 30-35 ಹಿಡಿಸುತ್ತವೆ. 25ಕ್ಕೆ ನಿಲ್ಲಿಸಿ. ಅಷ್ಟರಲ್ಲಿ ಬೇಕಾದ್ದನ್ನು ಕಣ್ಣಿನಿಂದಲೇ ಹುಡುಕಬಹುದು, ಗಾಳಿಗೂ ಜಾಗ ಉಳಿಯುತ್ತದೆ.

ಪುಸ್ತಕದೊಳಗೆ ನಂಬರನ್ನು ಎರಡು ಕಡೆ ಬರೆಯಿರಿ: ಹೆಸರಿನ ಪುಟದ ಹಿಂದೆ, ಮತ್ತೆ ಒಳಗಿನ ಒಂದು ಗೊತ್ತಾದ ಪುಟದಲ್ಲಿ. ಗ್ರಂಥಾಲಯದವರು ಇದಕ್ಕೆ ಸೀಕ್ರೆಟ್ ಪೇಜ್ ಅನ್ನುತ್ತಾರೆ. 21 ಅಂತ ಇಟ್ಟುಕೊಂಡರೆ ಎಲ್ಲ ಪುಸ್ತಕದಲ್ಲೂ 21ನೇ ಪುಟದ ಕೆಳಗೆ. ಮೊದಲ ಪುಟ ಹರಿದುಹೋದರೂ ಗುರುತು ಉಳಿಯುತ್ತದೆ. ಎಚ್‌ಬಿ ಪೆನ್ಸಿಲ್ ಬಳಸಿ. ಜೆಲ್ ಪೆನ್ನಿನ ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಹಬ್ಬಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ಬೆನ್ನಿಗೆ ಸ್ಟಿಕ್ಕರ್ ಅಂಟಿಸಿ ಮೇಲೆ ಸೆಲ್ಲೋಟೇಪ್ ಸುತ್ತುವುದು ಇನ್ನೂ ಕೆಟ್ಟದ್ದು: ಕೆಲವು ವರ್ಷಕ್ಕೆ ಟೇಪು ಒಣಗಿ ಉದುರುತ್ತದೆ, ಹಳದಿ ಅಂಟು ಮಾತ್ರ ರಟ್ಟಿನ ಮೇಲೆ ಶಾಶ್ವತ.

ಲೇಖಕರ ಕಾಲಂ ಸುಲಭ ಅನ್ನಿಸುತ್ತದೆ, ಕೊಡಗಿನ ಪುಸ್ತಕಕ್ಕೆ ಬಂದಾಗ ಅಲ್ಲೇ ಎಡವುವುದು. 'ಪಟ್ಟೋಲೆ ಪಳಮೆ'ಯನ್ನೇ ತಗೊಳ್ಳಿ. 1924ರಲ್ಲಿ ಬಂದ ಈ ಕೊಡವ ಜನಪದ ಹಾಡುಗಳ ಸಂಗ್ರಹ ನಡಿಕೇರಿಯಂಡ ಚಿಣ್ಣಪ್ಪನವರದು. 2003ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು, ಅನುವಾದಿಸಿದವರು ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ. ಲೆಡ್ಜರಿನಲ್ಲಿ ಬರೀ "ಚಿಣ್ಣಪ್ಪ" ಅಂತ ಬರೆದರೆ ಸಂಗ್ರಹಕಾರರೂ ಅನುವಾದಕರೂ ಒಬ್ಬರೇ ಆಗಿಬಿಡುತ್ತಾರೆ. ಕೊಡವ ಹೆಸರಿನಲ್ಲಿ ಮನೆತನದ ಹೆಸರು ಮೊದಲೇ ಬರುತ್ತದೆ. ಆದ್ದರಿಂದ ಇಂಗ್ಲಿಷ್ ಕ್ಯಾಟಲಾಗಿನ ಹಾಗೆ ಹಿಂದುಮುಂದು ಮಾಡಿ ಅಲ್ಪವಿರಾಮ ಹಾಕುವ ಕೆಲಸವೇ ಇಲ್ಲ. ಇದ್ದ ಹಾಗೆ ಬರೆಯಿರಿ, ನ ಅಕ್ಷರದಲ್ಲಿ ಹುಡುಕಿ. ಮುಖಪುಟದಲ್ಲಿ ಮನೆತನದ ಮೊದಲ ಅಕ್ಷರ ಮಾತ್ರ ಇದ್ದರೆ ಒಳಪುಟ, ಬೆನ್ನುಡಿ ನೋಡಿ ಪೂರ್ತಿ ಹೆಸರು ಬಿಡಿಸಿ ಬರೆಯಿರಿ.

ಇನ್ನು ಒಬ್ಬರಿಗೇ ಎರಡು ಮೂರು ಹೆಸರು. ಅಪ್ಪನೆರವಂಡ ಅಪ್ಪಚ್ಚ ಕವಿ ಇನ್ನೊಂದು ಪುಸ್ತಕದ ಮೇಲೆ ಹರದಾಸ ಅಪ್ಪಚ್ಚ ಕವಿ ಆಗಿರುತ್ತಾರೆ. ಕೊಡಗಿನ ಗೌರಮ್ಮ ತಮ್ಮ ಕಾಲದಲ್ಲಿ ಮಿಸೆಸ್ ಬಿ.ಟಿ.ಜಿ. ಕೃಷ್ಣ ಅನ್ನುವ ಹೆಸರಿನಲ್ಲಿ ಬರೆದವರು. ಅವರ ಹೆಸರಿನ "ಕೊಡಗಿನ" ಮನೆತನವಲ್ಲ, ಆದರೆ ಓದುಗರ ಬಾಯಲ್ಲಿರುವುದು ಅದೇ. ಭಾರತೀಸುತ ಅಂದರೆ ಎಸ್.ಆರ್. ನಾರಾಯಣರಾವ್. ಯಾವ ಹೆಸರು ನಿಮ್ಮ ಬಾಯಿಗೆ ಮೊದಲು ಬರುತ್ತದೋ ಅದನ್ನು ಲೇಖಕರ ಕಾಲಂನಲ್ಲಿ, ಇನ್ನೊಂದನ್ನು ಷರಾದಲ್ಲಿ ಬರೆಯಿರಿ. ಪ್ರತಿಸಲ ಅದೇ ಹೆಸರು, ಅದೇ ಕಾಗುಣಿತ. ಲೆಡ್ಜರಿನ ಕೊನೆಯ ಎರಡು ಪುಟ ಇದಕ್ಕೇ ಬಿಡಿ: ಇದನ್ನು ಹುಡುಕುವವರು ಅದನ್ನು ನೋಡಿ ಅಂತ.

ಭಾಷೆಯ ಕಾಲಂ ಬೇಡ ಅನ್ನುವವರಿದ್ದಾರೆ. ಕೊಡವ ತಕ್ಕ್, ಅರೆಭಾಷೆ, ಕನ್ನಡ ಮೂರೂ ಕನ್ನಡ ಲಿಪಿಯಲ್ಲೇ ಅಚ್ಚಾಗುವ ಊರಿನಲ್ಲಿ ಅದು ಬೇಕೇಬೇಕು.

ಕಂಪ್ಯೂಟರಿಗೂ ಏರಿಸಿ, ಲೆಡ್ಜರ್ ಬಿಡಬೇಡಿ. ಜುಲೈನಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ನಂಬಿಕೆಗೆ ಸಿಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಕಂಡವರಿಗೆ ಪಟ್ಟಿಯ ಒಂದು ಪ್ರತಿ ಮನೆಯಿಂದಾಚೆ ಯಾಕಿರಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಗೂಗಲ್ ಶೀಟ್ ಸಾಕು. ಬಾರ್‌ಕೋಡ್ ಸ್ಕ್ಯಾನ್ ಮಾಡುವ ಆ್ಯಪ್‌ಗಳು ಇಂಗ್ಲಿಷ್ ಪುಸ್ತಕಕ್ಕೆ ಚೆನ್ನ. ಹಳೆಯ ಕನ್ನಡ ಪುಸ್ತಕಕ್ಕೆ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಇರುವುದೇ ಇಲ್ಲ, ಹೊಸದಕ್ಕೆ ಇದ್ದರೂ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಮೂರು ಥರ ಬರುತ್ತದೆ.

ಶೀಟಿನಲ್ಲಿ ಕೆಡುವುದು ಹೆಚ್ಚಾಗಿ ನಾಲ್ಕು ಕಡೆ. ಐಎಸ್‌ಬಿಎನ್ ಕಾಲಂ ಇಟ್ಟರೆ ಮೊದಲೇ ಅದನ್ನು ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಮಾಡಿ. ಇಲ್ಲದಿದ್ದರೆ ಎಕ್ಸೆಲ್ 13 ಅಂಕಿಯನ್ನು 9.78ಇ+12 ಅಂತ ಕುಗ್ಗಿಸಿ ತೋರಿಸುತ್ತದೆ, 2007ಕ್ಕೆ ಮುಂಚಿನ 10 ಅಂಕಿಯದು ಸೊನ್ನೆಯಿಂದ ಶುರುವಾಗಿದ್ದರೆ ಆ ಸೊನ್ನೆಯನ್ನೇ ನುಂಗುತ್ತದೆ. ಎರಡನೆಯದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ: ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಹುಡುಕಾಟಕ್ಕೆ ಸಿಗುವುದಿಲ್ಲ. ಮೂರನೆಯದು ಅರ್ಕಾವತ್ತು. ಸೂರ್ಯ ಮತ್ತು ಸೂರ‍್ಯ ಓದುವವರಿಗೆ ಒಂದೇ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರವಿದೆ, ಹುಡುಕಾಟಕ್ಕೆ ಅವು ಬೇರೆಬೇರೆ ಪದ ಆಗಿಬಿಡಬಹುದು. ನಾಲ್ಕನೆಯದು ಅಂಕಿ: ೧೯೬೮ ಅಂತ ಕೆಲವು ಸಾಲು, 1968 ಅಂತ ಕೆಲವು ಸಾಲು ಇದ್ದರೆ ವರ್ಷದ ಪ್ರಕಾರ ಜೋಡಿಸಲಾಗದು. ಯಾವುದೋ ಒಂದೇ ಇರಲಿ.

ಮುದ್ರಣದ ವರ್ಷ ಬರೆಯುವಾಗ ಮೊದಲ ಮುದ್ರಣದ್ದನ್ನಲ್ಲ, ನಿಮ್ಮ ಕೈಯಲ್ಲಿರುವ ಪ್ರತಿಯದನ್ನು ಬರೆಯಿರಿ. ಇದು ಓದಿನ ದಾಖಲೆಗೂ ಬೇಕು. "ಪುಟ 112ರ ಮಾತು" ಅಂತ ಗುರುತು ಮಾಡಿಕೊಂಡದ್ದು ಮರುಜೋಡಣೆಯಾದ ಮುಂದಿನ ಮುದ್ರಣದಲ್ಲಿ 97ರಲ್ಲಿ ಇರುತ್ತದೆ.

ಓದಿನ ದಾಖಲೆ ಬೇರೆಯೇ ನೋಟ್‌ಬುಕ್ಕಿನಲ್ಲಿರಲಿ. ಓದುವುದೆಲ್ಲ ಮನೆಯದಲ್ಲ, ಮನೆಯಲ್ಲಿರುವುದೆಲ್ಲ ಓದಿದ್ದೂ ಅಲ್ಲ, ಒಂದೇ ಪುಸ್ತಕ ಮೂರು ಸಲ ಓದಿರಬಹುದು. ಲೆಡ್ಜರಿನಲ್ಲೇ "ಓದಿದೆ" ಅಂತ ಕಾಲಂ ಹಾಕಿದರೆ ಈ ಮೂರಕ್ಕೂ ಜಾಗ ಸಾಲದು. ನೋಟ್‌ಬುಕ್ಕಿನಲ್ಲಿ ಪುಸ್ತಕದ ನಂಬರ್, ಶುರು ಮಾಡಿದ ದಿನ, ಮುಗಿದ ದಿನ, ಬಿಟ್ಟ ಪುಟ. ಗ್ರಂಥಾಲಯದಿಂದ ತಂದದ್ದಕ್ಕೆ ನಂಬರಿನ ಬದಲು "ಗ್ರಂ" ಅಂತ ಹಾಕಿ ಹೆಸರು ಬರೆದರಾಯಿತು. ಬಿಟ್ಟ ಪುಟದ ಕಾಲಂ ಮುಖ್ಯ: "80ರಲ್ಲಿ ನಿಂತೆ" ಅಂತ ಬರೆದ ಪುಸ್ತಕಕ್ಕೆ ಎರಡು ವರ್ಷ ಬಿಟ್ಟಾದರೂ ಮರಳಬಹುದು. ವರ್ಷಕ್ಕೆ ಇಷ್ಟು ಪುಸ್ತಕ ಅಂತ ಗುರಿ ಇಟ್ಟವರ ಪಟ್ಟಿ ಡಿಸೆಂಬರ್ ಹತ್ತಿರ ಬಂದಂತೆ ತೆಳ್ಳಗಿನ ಪುಸ್ತಕಗಳಿಂದ ತುಂಬುತ್ತದೆ. ಲೆಕ್ಕ ಬೇಕೇ ಇದ್ದರೆ ಪುಟದ ಲೆಕ್ಕ ಇಡಿ.

ಟಿಪ್ಪಣಿಗೆ ಅಂಚಿನಲ್ಲಿ ಪೆನ್ಸಿಲ್ ಚುಕ್ಕೆ, ಹಿಂದಿನ ರಟ್ಟಿನೊಳಗೆ ಬಿಳಿ ಹಾಳೆಯ ಚೀಟಿ, ಚೀಟಿಯಲ್ಲಿ ಪುಟ ಸಂಖ್ಯೆ ಮತ್ತು ಎರಡು ಪದ. ದಿನಪತ್ರಿಕೆ ಹರಿದು ಗುರುತಿಗೆ ಇಡಬೇಡಿ: ಅದರ ಆಮ್ಲ ಪುಟಕ್ಕಿಳಿದು ಕಂದು ಪಟ್ಟಿ ಮೂಡಿಸುತ್ತದೆ.

ಈಗ ಮಳೆಗೆ ಬರೋಣ. ಗಾಳಿಯ ತೇವ ಶೇ. 65-70 ದಾಟಿ ಹಾಗೇ ನಿಂತರೆ ಕಾಗದದ ಮೇಲೆ ಬೂಷ್ಟು ಹಿಡಿಯುತ್ತದೆ. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳಲ್ಲಿ ತೇವ ಮಡಿಕೇರಿ, ಭಾಗಮಂಡಲದ ಕಡೆ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ತೇವ ಅಳೆಯುವ ಒಂದು ಹೈಗ್ರೋಮೀಟರ್ ಬೀರುವಿನ ಒಳಗಿಡಿ, ಗೋಡೆಗಲ್ಲ. ಮಳೆ ಹೊಡೆಯುವ ಪಶ್ಚಿಮದ ಹೊರಗೋಡೆಗೆ ಬೀರು ಒರಗಿಸಬೇಡಿ, ಬೇರೆ ದಾರಿಯಿಲ್ಲದಿದ್ದರೆ 3 ಇಂಚು ಸಂದಿ ಬಿಡಿ. ಕೆಳಗಿನ ಖಾನೆ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ.

ನಫ್ತಲಿನ್ ಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ, ಉಸಿರಿಗೂ ಒಳ್ಳೆಯದಲ್ಲ. ಬೀರುವಿನೊಳಗೆ ಬಲ್ಬು ಉರಿಸುವ ಹಳೆಯ ಉಪಾಯ ನಡೆಯುತ್ತಿದ್ದದ್ದು ತಂತಿಯ ಬಲ್ಬಿನ ಬಿಸಿಯಿಂದ. ಈಗಿನ ಎಲ್‌ಇಡಿ ಹಾಕಿದರೆ ಬೂಷ್ಟು ಚೆನ್ನಾಗಿ ಕಾಣುತ್ತದೆ ಅಷ್ಟೆ. ತಂತಿಯದೇ ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಂಕಿಯ ಭಯ. ಸಿಲಿಕಾ ಜೆಲ್ ಗಾಳಿಯಾಡದ ಡಬ್ಬಿಗೆ ಸರಿ, ಬಾಗಿಲಿಗೆ ಸಂದಿ ಇರುವ ಬೀರುವಿಗೆ ಎಷ್ಟು ಸುರಿದರೂ ಸಾಲದು. ಅಪರೂಪದ ಇಪ್ಪತ್ತು ಮೂವತ್ತು ಪುಸ್ತಕವನ್ನು ಮೇ ಕೊನೆಯ ಒಣ ದಿನದಲ್ಲಿ ಅಂಥ ಡಬ್ಬಿಗೆ ಹಾಕಿ ಜೆಲ್ ಇಟ್ಟು ಮುಚ್ಚಿ, ಲೆಡ್ಜರಿನಲ್ಲಿ ಜಾಗದ ಎದುರು "ಡ1" ಅಂತ ಪೆನ್ಸಿಲ್‌ನಲ್ಲಿ ತಿದ್ದಿ. ಮಳೆಗೆ ಮುಂಚೆ ಪುಸ್ತಕ ಡಬ್ಬಿಗೆ ಹೋಗುವುದು, ಆಮೇಲೆ ಮರಳಿ ಬರುವುದು ಪಟ್ಟಿಯಲ್ಲಿ ದಾಖಲಾಗದೇ ಇದ್ದರೆ ಸೆಪ್ಟೆಂಬರಿನಲ್ಲಿ "ಕಳೆದುಹೋಯಿತು" ಅಂತ ಇನ್ನೊಂದು ಪ್ರತಿ ಕೊಳ್ಳುವುದು ಖಂಡಿತ.

ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸುವುದೇ ಎಲ್ಲರೂ ಮಾಡುವ ತಪ್ಪು. ಅದು ಬಣ್ಣವನ್ನೂ ಬೀಜಾಣುವನ್ನೂ ಕಾಗದದ ನಾರಿನೊಳಗೆ ತಿಕ್ಕಿದಂತೆ. ಮೊದಲು ಪುಸ್ತಕವನ್ನು ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಬಿಡಿಸಿ ನಿಲ್ಲಿಸಿ ಪೂರ್ತಿ ಒಣಗಿಸಿ. ಆಮೇಲೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಬಿಸಿಲಿಗೆ ಹರಡಿದರೆ ರಟ್ಟು ಬಾಗುತ್ತದೆ, ಕಾಗದ ಹಳದಿಯಾಗುತ್ತದೆ. ಹುಳ ಬಿದ್ದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿ -18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿನ ಪುಟದ ಮೇಲೆ ನೀರು ಕೂರುತ್ತದೆ.

ಕುಟುಂಬದ ಚರಿತ್ರೆಯ ಕಿರುಹೊತ್ತಿಗೆ, ಕೊಡವ ಕುಟುಂಬಗಳ ಹಾಕಿ ಹಬ್ಬದ ಸ್ಮರಣ ಸಂಚಿಕೆಯಂಥ ತೆಳ್ಳಗಿನವು ಖಾನೆಯಲ್ಲಿ ದಪ್ಪ ಪುಸ್ತಕದ ನಡುವೆ ಮಾಯ. ಅವಕ್ಕೆ ಬಾಕ್ಸ್ ಫೈಲ್ ಮಾಡಿ, ಫೈಲನ್ನೇ ಜಾಗ ಅಂತ ಬರೆಯಿರಿ. ಸ್ಟೇಪ್ಲರ್ ಪಿನ್ನು ಇಲ್ಲಿನ ತೇವಕ್ಕೆ ತುಕ್ಕು ಹಿಡಿದು ನಡುಪುಟವನ್ನು ತಿನ್ನುತ್ತದೆ. ಪಿನ್ನಿನ ಕಾಲುಗಳನ್ನು ಚಪ್ಪಟೆ ಚಾಕುವಿನಿಂದ ಮೇಲೆತ್ತಿ ತೆಗೆದು, ಅದೇ ತೂತುಗಳಲ್ಲಿ ಹತ್ತಿ ದಾರ ಹಾಯಿಸಿ ಹೊಲಿದುಬಿಡಿ.

ಕಡ ಕೊಟ್ಟ ಪುಸ್ತಕದ ಜಾಗದಲ್ಲಿ ಅದೇ ಎತ್ತರದ ರಟ್ಟಿನ ತುಂಡು ನಿಲ್ಲಿಸಿ. ಅದರ ಮೇಲೆ ನಂಬರ್, ತಗೊಂಡವರ ಹೆಸರು, ತಾರೀಕು. ಲೆಡ್ಜರಿನಲ್ಲಿ ಬರೆದದ್ದು ಕಣ್ಣಿಗೆ ಬೀಳುವುದಿಲ್ಲ, ರಟ್ಟು ದಿನಾ ಕಾಣುತ್ತದೆ. ಮರಳಿ ಕೇಳುವುದಕ್ಕೆ ಕೈಲ್ ಪೊಳ್ದ್ ಅಥವಾ ಪುತ್ತರಿ ಹಬ್ಬ ಒಳ್ಳೆಯ ಹೊತ್ತು: ನೆಂಟರೆಲ್ಲ ಊರಿಗೆ ಬಂದಿರುತ್ತಾರೆ, ಮುಂಚಿನ ವಾರ ಒಂದು ಮೆಸೇಜು ಹಾಕಿದರೆ ಪುಸ್ತಕವೂ ಬ್ಯಾಗಿನಲ್ಲಿ ಬರುತ್ತದೆ.

ತಾಳೆ ನೋಡುವುದು ವರ್ಷಕ್ಕೊಮ್ಮೆ, ಅಕ್ಟೋಬರಿನ ಕಾವೇರಿ ಸಂಕ್ರಮಣ ಕಳೆದ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮುಂಚೆ. ಹೇಗೂ ಪುಸ್ತಕ ಇಳಿಸಿ ಗಾಳಿಗೆ ಒಡ್ಡಬೇಕು, ಎರಡೂ ಒಟ್ಟಿಗೆ ಆಗಲಿ. ಒಂದು ಖಾನೆ ಇಳಿಸಿ, ಒಬ್ಬರು ನಂಬರ್ ಕೂಗಲಿ, ಇನ್ನೊಬ್ಬರು ಲೆಡ್ಜರಿನಲ್ಲಿ ಪೆನ್ಸಿಲ್ ಟಿಕ್ ಹಾಕಿ ಜಾಗ ತಿದ್ದಲಿ, ಆಮೇಲೆ ಮುಂದಿನ ಖಾನೆ. ಎಲ್ಲ ಬೀರು ಒಟ್ಟಿಗೆ ಇಳಿಸಿದರೆ ಸಂಜೆಗೆ ಜಗುಲಿಯ ಮೇಲೆ ಗುಡ್ಡೆ, ಮೋಡ ಕವಿದರೆ ಗಡಿಬಿಡಿ. ಟಿಕ್ ಬೀಳದ ನಂಬರಿನ ಎದುರು "ಕಾ" (ಕಾಣೆ) ಅಂತ ಪೆನ್ಸಿಲ್‌ನಲ್ಲಿ. ಮುಂದಿನ ವರ್ಷವೂ ಸಿಗದಿದ್ದರೆ ಪೆನ್ನಿನಲ್ಲಿ ಗೀಟು.