ಮೊಳ ಹೂವಿನ ಕೈ

ಶನಿವಾರ ಮಧ್ಯಾಹ್ನ ಎರಡೂವರೆಗೆ ಕಾಗದಕ್ಕೆ ನೀರು ಬಳಿದೆ. ಮೂರೂವರೆಗೆ ಚಿತ್ರ ಕಲಿಯಲು ಮಕ್ಕಳು ಮನೆಗೆ ಬರುತ್ತಾರೆ. ನಡುವಿನ ಒಂದು ಗಂಟೆ ನನ್ನದು.

ಬಿಡಿಸುತ್ತಿದ್ದದ್ದು ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ಆ ಮಾರುಕಟ್ಟೆ ಅಂದರೆ ನನಗೆ ಮೊದಲಿನಿಂದಲೂ ಜೀವ. 2016ರಲ್ಲಿ ಅದರ ಒಂದು ಭಾಗ ಕುಸಿದು ಬಿದ್ದ ಮೇಲೆ ಇನ್ನೂ ಜಾಸ್ತಿ. ಇರುವಾಗಲೇ ಕಣ್ಣು ತುಂಬಾ ನೋಡಿ ಬಿಡಿಸಿಟ್ಟುಕೊಳ್ಳೋಣ ಅನ್ನಿಸುತ್ತದೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಈ ಸಲ ಮಾರುಕಟ್ಟೆಯ ಆರು ಚಿತ್ರ ಒಯ್ಯಬೇಕು ಅಂತ ಆಸೆ. ಡಿಸೆಂಬರ್ ಅರ್ಧ ಕಳೆದಿತ್ತು. ಮುಗಿದದ್ದು ಎರಡೇ.

ಜಲವರ್ಣದಲ್ಲಿ ಮಲ್ಲಿಗೆಗೆ ನಾನು ಬಿಳಿ ಬಣ್ಣ ಹಚ್ಚುವುದಿಲ್ಲ. ಸುತ್ತಲೂ ನೆರಳು ತುಂಬಿ, ಹೂವಿನಷ್ಟು ಕಾಗದವನ್ನು ಹಾಗೇ ಬಿಡುತ್ತೇನೆ. ಬಿಟ್ಟ ಕಾಗದವೇ ಮಲ್ಲಿಗೆ. ಅದಕ್ಕೆ ಆ ನೆರಳಿನ ವಾಶ್, ಅಂದರೆ ನೀರು ಬೆರೆತ ತೆಳು ಬಣ್ಣದ ಪದರ, ಒಂದೇ ಉಸಿರಿಗೆ ಮುಗಿಯಬೇಕು. ಒದ್ದೆ ಇರುವಾಗಲೇ ನೀಲಿಯೊಳಗೆ ಕಂದು ಇಳಿಯಬೇಕು. ಮಧ್ಯೆ ಎದ್ದು ಹೋದರೆ ಅಂಚು ಗಟ್ಟಿಯಾಗಿ ಕೂತುಬಿಡುತ್ತದೆ. ಅರ್ಧ ಆರಿದ ಮೇಲೆ ಮತ್ತೆ ನೀರು ಮುಟ್ಟಿಸಿದರೆ ಹೂಕೋಸಿನ ಹಾಗೆ ಕಲೆ ಅರಳುತ್ತದೆ.

ಎರಡೂ ಮುಕ್ಕಾಲಿಗೆ ಗೇಟಿನ ಸದ್ದು. ತಿರುಗಿದರೆ ಬಾಗಿಲಲ್ಲಿ ನಮ್ಮ ಪುಟ್ಟ ನಿಂತಿದ್ದ. ಏಳು ವರ್ಷ. ಅವನ ಅಜ್ಜಿ ಪಕ್ಕದ ರಸ್ತೆಯ ದೇವಸ್ಥಾನದ ಮುಂದೆ ಹೂ ಮಾರುತ್ತಾರೆ. ಸಂಜೆಯ ವ್ಯಾಪಾರಕ್ಕೆ ಹೋಗುವಾಗ ಇವನನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಅವರು ಕೊಡುವ ಫೀಸಿನ ನೋಟು ಯಾವಾಗಲೂ ಸ್ವಲ್ಪ ಒದ್ದೆ ಇರುತ್ತದೆ. ಆವತ್ತು ಬುಟ್ಟಿ ಬೇಗ ಎತ್ತಿದ್ದರು ಅಂತ ಕಾಣುತ್ತದೆ.

"ಮಿಸ್, ನೀರು," ಅಂದ.

ಎದ್ದು ಹೋಗಿ ಕೊಟ್ಟೆ. ಚಪ್ಪಲಿಯ ಪಟ್ಟಿ ಕಿತ್ತಿತ್ತು, ಅದಕ್ಕೊಂದು ಪಿನ್ನು ಹುಡುಕಿ ಹಾಕಿದೆ. ವಾಪಸ್ ಬರುವಷ್ಟರಲ್ಲಿ ಡಿಸೆಂಬರಿನ ಒಣ ಗಾಳಿ ತನ್ನ ಕೆಲಸ ಮುಗಿಸಿತ್ತು. ಹೂ ಮಾರುವ ಹೆಂಗಸಿನ ಹಿಂದೆ ಕತ್ತಿಯಂಥ ಅಂಚು. ಸಿಟ್ಟು ಬಂತು. ಅವನ ಮೇಲೆ ಅಲ್ಲ. ಈ ಎರಡು ದೋಣಿಯ ಬದುಕಿನ ಮೇಲೆ.

"ಎರಡನ್ನೂ ಹೇಗೆ ನಿಭಾಯಿಸ್ತೀರಾ?" ಅಂತ ತುಂಬಾ ಜನ ಕೇಳುತ್ತಾರೆ. ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ನನ್ನ ಚಿತ್ರ, ಸಂಜೆ ಮಕ್ಕಳು ಅಂತ ಹೇಳುತ್ತೇನೆ. ಅದು ಲೆಕ್ಕ, ಅಷ್ಟೇ. ಫೀಸಿನ ದುಡ್ಡಿಲ್ಲದೆ ದಪ್ಪನೆಯ 300 ಜಿಎಸ್‌ಎಂ ಕಾಗದ ಬರುವುದಿಲ್ಲ. ಮಕ್ಕಳಿದ್ದರೆ ಆ ಕಾಗದದ ಮುಂದೆ ಕೂರಲು ಹೊತ್ತು ಸಿಗುವುದಿಲ್ಲ. ನನ್ನ ಕಷ್ಟ ಇಷ್ಟೇ ಅಂತ ವರ್ಷಗಟ್ಟಲೆ ನಂಬಿಕೊಂಡಿದ್ದೆ.

ಮೂರೂವರೆಗೆ ಹದಿನಾಲ್ಕು ಮಕ್ಕಳು ಕೂತರು. ಮಾರುಕಟ್ಟೆ ತಲೆಯಲ್ಲೇ ಇತ್ತಲ್ಲ, ಅದನ್ನೇ ಕೊಟ್ಟೆ. ಬೋರ್ಡಿನ ಮೇಲೆ ಹೂ ಮಾರುವ ಹೆಂಗಸನ್ನು ಬರೆದು ತೋರಿಸಿದೆ. ತಲೆಗೊಂದು ಸುತ್ತು, ಹಿಂದೆ ತುರುಬು, ಸೆರಗಿಗೆ ಮೂರು ಗೆರೆ, ಮುಂದೆ ಬುಟ್ಟಿ. ಎರಡು ನಿಮಿಷವೂ ಆಗಲಿಲ್ಲ. "ಅಯ್ಯೋ, ಎಷ್ಟು ಈಸಿ!" ಅಂತ ಒಬ್ಬಳು ಅಂದಳು. ಎಲ್ಲರೂ ಅದನ್ನೇ ಬರೆದರು.

ಪುಟ್ಟ ಮಾತ್ರ ಬೇರೆ ಏನೋ ಮಾಡುತ್ತಿದ್ದ. ಅವನ ಹೆಂಗಸಿನ ಒಂದು ಕೈ ಕಾಗದದ ಈ ತುದಿಯಿಂದ ಆ ತುದಿಗೆ ಚಾಚಿತ್ತು. ಮೊಳಕೈಯಿಂದ ಬೆರಳ ತುದಿಯವರೆಗೆ ಹೂವಿನ ಮಾಲೆ. ಮೈಗಿಂತ ಕೈಯೇ ದೊಡ್ಡದು. ನಾನು ರಬ್ಬರ್ ತಗೊಂಡು ಆ ಕೈ ಅಳಿಸಿದೆ. "ಇಷ್ಟುದ್ದ ಇರಲ್ಲ ಪುಟ್ಟಾ, ನೋಡಿಲ್ಲಿ," ಅಂತ ಬೋರ್ಡಿನ ಅಳತೆಯ ಕೈ ಬರೆದುಕೊಟ್ಟೆ.

ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, "ಮಿಸ್, ಕೈ ಚಿಕ್ಕದಾದ್ರೆ ಹೂ ಕಮ್ಮಿ ಬರುತ್ತೆ. ಬೈತಾರೆ," ಅಂದ.

ಆಗ ಪಕ್ಕದ ಹುಡುಗಿಯ ಬಣ್ಣದ ನೀರು ಚೆಲ್ಲಿತು. ಅವನ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಇಳಿದದ್ದು ರಾತ್ರಿ. ಮಕ್ಕಳ ಚಿತ್ರಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡುವುದು ರೂಢಿ. ಹದಿಮೂರು ಹೆಂಗಸರು ಸಾಲಾಗಿ ಕೂತರು, ಒಂದೇ ತುರುಬು, ಸೆರಗಿಗೆ ಅದೇ ಮೂರು ಗೆರೆ. ಅದರ ಕೆಳಗೆ ಮೇಜಿನ ಮೇಲೆ ನನ್ನ ಚಿತ್ರ ಇತ್ತು. ಅದರಲ್ಲೂ ಅದೇ ತುರುಬು. ಅವೇ ಮೂರು ಗೆರೆ. ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಮಧ್ಯಾಹ್ನ ಕೆಟ್ಟಿದ್ದು ವಾಶ್ ಅಂದುಕೊಂಡಿದ್ದೆ. ಅದಕ್ಕೆ ಮೊದಲೇ, ಪೆನ್ಸಿಲ್ಲಿನಲ್ಲೇ ಕೆಟ್ಟಿತ್ತು. ಪಾಠ ನನ್ನ ಹೊತ್ತು ತಿನ್ನುತ್ತದೆ ಅಂತ ದೂರುತ್ತಿದ್ದೆನಲ್ಲ, ಅದು ತಿಂದಿದ್ದು ಹೊತ್ತನ್ನಲ್ಲ. ದಿನಾ ಬೋರ್ಡಿನ ಮೇಲೆ ಎರಡು ನಿಮಿಷದ ಮರ, ಎರಡು ನಿಮಿಷದ ಮುದುಕ ಬರೆದೂ ಬರೆದೂ ಕೈ ಪಳಗಿಬಿಟ್ಟಿತ್ತು. ಕಣ್ಣನ್ನು ಕೇಳದೇ ಬರೆಯುತ್ತಿತ್ತು. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಪಕ್ಕಕ್ಕೆ ತೆಂಗಿನ ಮರ. ಮಕ್ಕಳನ್ನು ಆ ಚಿತ್ರದಿಂದ ಬಿಡಿಸಲು ಎಷ್ಟು ಪಾಡು ಪಡುತ್ತೇನೆ! ಅದರಿಂದ ಬಿಡಿಸಿ ಕೊಟ್ಟಿದ್ದು ಮಾತ್ರ ನನ್ನದೇ ಇನ್ನೊಂದು ಅಚ್ಚನ್ನು.

ಪುಟ್ಟನ ಹಾಳೆಯನ್ನು ದೀಪದ ಬಳಿ ತಂದು ನೋಡಿದೆ. ಅವನು ಪೆನ್ಸಿಲ್ ಒತ್ತಿ ಬರೆಯುತ್ತಾನೆ. ಅಳಿಸಿದರೂ ಗೀರು ಉಳಿದಿತ್ತು. ಓರೆ ಬೆಳಕಿನಲ್ಲಿ ಆ ಉದ್ದನೆಯ ಕೈ ಪೂರ್ತಿ ಕಂಡಿತು. ಬೆರಳ ತುದಿಯಲ್ಲಿ ಮಾಲೆ ಒಂದು ಸುತ್ತು ಹೊರಳಿತ್ತು. ಮೊಳ ಹಾಕುವಾಗ ಕೊನೆಗೆ ಒಂದಿಷ್ಟು ಸೇರಿಸಿ ಕೊಡುತ್ತಾರಲ್ವಾ, ಅದು. ಇಷ್ಟು ವರ್ಷ ಹೂವಿನ ಸಾಲು ಬಿಡಿಸಿದ್ದೇನೆ. ಮೊಳ ಹಾಕುವ ಕೈಯನ್ನು ಒಮ್ಮೆಯೂ ಬಿಡಿಸಿರಲಿಲ್ಲ.

ಆ ರಾತ್ರಿ ಜಗನ್ಮೋಹನ ಅರಮನೆಯ ದೀಪದ ಮಹಿಳೆ ನೆನಪಾದಳು. ಎಸ್.ಎಲ್. ಹಳದಣಕರ್ ಅವರ ಚಿತ್ರ. ರವಿವರ್ಮನದು ಅಂತ ಈಗಲೂ ಎಷ್ಟೋ ಜನ ತಿಳಿದಿದ್ದಾರೆ. ಎಣ್ಣೆ ಬಣ್ಣ ಅಲ್ಲ, ಅದು ಜಲವರ್ಣ. ಕೈಮರೆಯ ದೀಪದ ಬೆಳಕು ಬೆರಳುಗಳ ನಡುವೆ ಕೆಂಪಗೆ ಹೊಮ್ಮುತ್ತದೆ. ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬಿಡಿಸಿದ್ದು. ಅವರೂ ಮುಂಬೈಯಲ್ಲಿ ಕಲಾಶಾಲೆ ನಡೆಸಿದವರು, ಪಾಠ ಹೇಳಿದವರು. ಆ ಬೆರಳುಗಳಲ್ಲಿ ಬೋರ್ಡಿನ ಗೆರೆ ಒಂದೂ ಇಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ ಮಾರುಕಟ್ಟೆಯಲ್ಲಿದ್ದೆ. ಬಣ್ಣ ಒಯ್ಯಲಿಲ್ಲ. ಸಣ್ಣ ಪುಸ್ತಕ, ಒಂದು ಪೆನ್ಸಿಲ್. ಬರೀ ಕೈಗಳನ್ನು ಬರೆದೆ. ಮೊಳ ಹಾಕುವಾಗ ಭುಜ ಸ್ವಲ್ಪ ಮೇಲೇಳುತ್ತದೆ, ಗದ್ದ ಆ ಕಡೆ ತಿರುಗುತ್ತದೆ, ಇಡೀ ಮೈ ಆ ಕೈಯ ಹಿಂದೆ ಹೋಗುತ್ತದೆ. ಗೆರೆ ನಡುಗುತ್ತಿತ್ತು, ಅಳತೆ ತಪ್ಪುತ್ತಿತ್ತು. ಹಾಗೆ ತಪ್ಪಿ ಎಷ್ಟು ದಿನವಾಗಿತ್ತೋ!

ಮುಂದಿನ ಶನಿವಾರ ಬೋರ್ಡನ್ನು ಗೋಡೆಗೆ ತಿರುಗಿಸಿಟ್ಟೆ. ಸೇವಂತಿಗೆ ಮಾಲೆ ತರಿಸಿ ನೆಲಕ್ಕೆ ಹರಡಿದ್ದೆ. ಒಬ್ಬರು ಮೊಳ ಹಾಕಬೇಕು, ಉಳಿದವರು ನೋಡಿ ಬರೆಯಬೇಕು. ನಾನೂ ಅವರ ಜೊತೆ ಚಾಪೆಯ ಮೇಲೆ ಕೂತು ಬರೆದೆ. "ಮಿಸ್, ಹೇಗೆ ಬರೆಯೋದು ತೋರಿಸಿ," ಅಂತ ಆರೇಳು ಮಕ್ಕಳು ಗೋಳಾಡಿದರು. ಒಬ್ಬಳು ಅತ್ತೂಬಿಟ್ಟಳು. ಒಂದು ತಾಯಿ ಕರೆದುಕೊಂಡು ಹೋಗಲು ಬಂದಾಗ ಹಾಳೆ ನೋಡಿ, "ಈ ಸಲ ಅಷ್ಟು ನೀಟಾಗಿ ಬಂದಿಲ್ಲ ಅಲ್ವಾ ಮಿಸ್?" ಅಂದರು. ಹೌದು, ಬಂದಿರಲಿಲ್ಲ. ಹದಿನಾಲ್ಕು ಹಾಳೆಯಲ್ಲಿ ಹದಿನಾಲ್ಕು ಥರದ ಕೈ ಇದ್ದವು.

ಪುಟ್ಟನಿಗೆ ಅವನ ಹಳೆಯ ಹಾಳೆ ಕೊಟ್ಟು, "ಆವತ್ತು ನಾನು ತಪ್ಪು ಮಾಡಿದೆ ಕಣೋ, ನಿನ್ನ ಕೈ ಸರಿ ಇತ್ತು," ಅಂದೆ. ಅವನು ಏನೂ ಹೇಳಲಿಲ್ಲ. ಗೀರಿನ ಮೇಲೆಯೇ ಪೆನ್ಸಿಲ್ ಇಟ್ಟು ಕೈಯನ್ನು ಮತ್ತೆ ತುದಿಯವರೆಗೂ ಎಳೆದ.

ರಾತ್ರಿ ಎಂಟಕ್ಕೆ ಅಜ್ಜಿ ಖಾಲಿ ಬುಟ್ಟಿ ಹಿಡಿದು ಬಂದರು. "ಅಜ್ಜಿ, ನೀವು ಮೊಳ ಹಾಕೋದನ್ನ ಕೂತು ಬಿಡಿಸಬೇಕು, ಯಾವಾಗ ಬರಲಿ?" ಅಂತ ಕೇಳಿದೆ. ಅವರು ತಮ್ಮ ಕೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು.

"ಶುಕ್ರವಾರ ಮಾತ್ರ ಬರಬೇಡಿ ಮೇಡಂ, ಕೈ ನಿಲ್ಲಲ್ಲ," ಅಂದರು.