ಕುಶಾಲನಗರದ ಕಡೆ ಹೊಲಕ್ಕೆ ಹುಚ್ಚೆಳ್ಳು

ಹುಚ್ಚೆಳ್ಳಿಗೂ ಎಳ್ಳಿಗೂ ನೆಂಟಸ್ತಿಕೆ ಇಲ್ಲ. ಹುಚ್ಚೆಳ್ಳು ಸೂರ್ಯಕಾಂತಿಯ ಕುಟುಂಬದ ಎಣ್ಣೆಕಾಳು, ಮೂಲ ಇಥಿಯೋಪಿಯಾ. ಉತ್ತರ ಕರ್ನಾಟಕದವರು ಗುರೆಳ್ಳು ಅಂತಾರೆ, ಅದರ ಚಟ್ನಿಪುಡಿ ಬಲು ರುಚಿ.

ಕೊಡಗಿನಲ್ಲಿ ಇದಕ್ಕೆ ಒಗ್ಗುವುದು ಮಳೆ ಕಡಿಮೆ ಇರುವ ಕುಶಾಲನಗರ, ಸೋಮವಾರಪೇಟೆಯ ಪೂರ್ವದ ಅಂಚು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವೆ ಬಿತ್ತಿ. ಹತ್ತು ಸೆಂಟ್‌ಗೆ 200 ಗ್ರಾಂ ಬೀಜ ಸಾಕು. ಬೀಜ ಸಣ್ಣದು, ಹಾಗೇ ಎರಚಿದರೆ ಒಂದು ಕಡೆ ಗುಂಪಾಗಿ, ಇನ್ನೊಂದು ಕಡೆ ಬೋಳಾಗುತ್ತದೆ. 4 ಕಿಲೋ ಒಣ ಮರಳಿನಲ್ಲಿ ಬೆರೆಸಿಕೊಳ್ಳಿ. ಸಾಲಿಗೆ ಸಾಲು 30 ಸೆಂ.ಮೀ., ಆಳ 2-3 ಸೆಂ.ಮೀ. ಮೀರಬಾರದು. ಹದಿನೈದು-ಇಪ್ಪತ್ತು ದಿನಕ್ಕೆ ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಬಿಟ್ಟು ಉಳಿದದ್ದು ಕೀಳಿ. ಯೂರಿಯಾ ಜಾಸ್ತಿಯಾದರೆ ಗಿಡ ಸೊಕ್ಕಿ ಬೆಳೆದು ಗಾಳಿಗೆ ಮಲಗುತ್ತದೆ.

ದೊಡ್ಡ ಶತ್ರು ಎಲೆಯಿಲ್ಲದ ಹಳದಿ ದಾರದಂಥ ಪರಾವಲಂಬಿ ಬಳ್ಳಿ. ಅದರ ಬೀಜ ಹುಚ್ಚೆಳ್ಳಿನ ಜೊತೆಗೇ ಬರುತ್ತದೆ, ಆದ್ದರಿಂದ ಜರಡಿ ಹಿಡಿಯದೆ ಬಿತ್ತಲೇಬೇಡಿ. ಕಂಡರೆ ಹೂ ಬಿಡುವ ಮೊದಲೇ ಆಸರೆಯ ಗಿಡದ ಸಮೇತ ಕಿತ್ತು ಸುಡಿ. ತುಂಡು ಉಳಿದರೂ ಮತ್ತೆ ಹಬ್ಬುತ್ತದೆ.

ಈ ಹೂವು ತನ್ನದೇ ಪರಾಗಕ್ಕೆ ಕಾಳು ಕಟ್ಟುವುದು ತೀರಾ ಕಡಿಮೆ, ಜೇನು ಬೇಕೇ ಬೇಕು. ಹೂವಿನ ಹೊತ್ತಿಗೆ ಕೀಟನಾಶಕ ಹೊಡೆದರೆ ಜೇನೂ ಸಾಯುತ್ತದೆ, ಕಾಳೂ ಜೊಳ್ಳಾಗುತ್ತದೆ. ಕಾಫಿ ಹೂವಿಗೆ ಇನ್ನೂ ತಿಂಗಳುಗಳಿರುವಾಗ ಅರಳುವುದರಿಂದ ಪೆಟ್ಟಿಗೆಯ ಜೇನಿಗೆ ಇದು ದೊಡ್ಡ ಆಸರೆ.

ಎಲೆ ಒಣಗಿ, ತೆನೆ ಕಂದು-ಕಪ್ಪಾದ ಕೂಡಲೇ ಬೆಳಗಿನ ಇಬ್ಬನಿಯಲ್ಲೇ ಕೊಯ್ಯಿರಿ. ತಡವಾದರೆ ಕಾಳು ನೆಲಕ್ಕೆ.